ಬರೋಲೊ ಕುಡಿಯುವ ಮೊದಲು ಗುಡ್ಡ ನೋಡು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಅಕ್ಟೋಬರಿನಲ್ಲಿ ಇಟಲಿಯ ಲಾಂಗೆ ಗುಡ್ಡಗಳಿಗೆ ಹೊರಟಿದ್ದೀಯಲ್ಲ, ಬಾಟಲಿಗೆ ಕೈ ಹಾಕುವ ಮೊದಲು ಗುಡ್ಡಗಳನ್ನು ಸರಿಯಾಗಿ ನೋಡಿಕೋ. ಬರೋಲೊ, ಬಾರ್ಬರೆಸ್ಕೊ ಎಂಬ ಅಲ್ಲಿಯ ಎರಡು ಕೆಂಪು ವೈನಿಗೂ ದ್ರಾಕ್ಷಿ ಒಂದೇ, ನೆಬ್ಬಿಯೋಲೊ. ರುಚಿ ಬದಲಾಗುವುದು ಮಣ್ಣಿನಿಂದ, ಇಳಿಜಾರಿನಿಂದ.

ಟೊರಿನೊ (ಟುರಿನ್) ನಗರದಿಂದ ಲಾಂಗೆಯ ಆಲ್ಬಾ ಪಟ್ಟಣದವರೆಗೆ ರೈಲಿದೆ. ಅಲ್ಲಿಂದಾಚೆ ಬಸ್ಸು ಅಪರೂಪ, ಕಾರು ಬೇಕು. ಗಾಡಿ ಓಡಿಸುವವರಿಗೆ ರಕ್ತದಲ್ಲಿ ಲೀಟರಿಗೆ 0.5 ಗ್ರಾಂ ಮದ್ಯಸಾರವೇ ಮಿತಿ. ರುಚಿ ನೋಡಿ ಉಗುಳಲು ಪಾತ್ರೆ ಇಟ್ಟಿರುತ್ತಾರೆ, ಸಂಕೋಚಪಡಬೇಡ.

ಮೊದಲು ಲಾ ಮೊರ್ರಾ ಊರಿಗೆ ಹತ್ತು, ಬೆಳಗಿನ ಮಂಜು ಕರಗಿದ ಮೇಲೆ. 513 ಮೀಟರ್ ಎತ್ತರದ ಆ ಊರಂಚಿನ ಕಟ್ಟೆಯಿಂದ ಬರೋಲೊ ಸೀಮೆಯ ಬಹುಪಾಲು ಕಾಣುತ್ತದೆ. ಬರೋಲೊ ಎಂಬ ಹೆಸರು 11 ಗ್ರಾಮಗಳ ವೈನಿಗೆ ಸಲ್ಲುತ್ತದೆ. ಪಶ್ಚಿಮದ ಲಾ ಮೊರ್ರಾ, ಬರೋಲೊ ಊರುಗಳಲ್ಲಿ ನೀಲಿಬೂದು ಬಣ್ಣದ, ಸುಣ್ಣ ಬೆರೆತ ಜೇಡಿಮಣ್ಣು; ಅಲ್ಲಿಯ ವೈನು ಘಮಘಮ, ಬೇಗ ಹದಕ್ಕೆ ಬರುತ್ತದೆ. ಪೂರ್ವದ ಸೆರ್ರಲುಂಗಾ, ಮೊನ್‌ಫೋರ್ತೆ ಕಡೆ ಮಣ್ಣು ಇನ್ನೂ ಹಳೆಯದು, ಮರಳುಗಲ್ಲು ಬೆರೆತದ್ದು. ಆ ವೈನಿಗೆ ಒಗರು ಹೆಚ್ಚು, ವರ್ಷಗಟ್ಟಲೆ ಕಾಯಬೇಕು. ಇದು ಗೆರೆ ಕೊರೆದ ನಿಯಮವಲ್ಲ, ನಡುವಿನ ಕಾಸ್ತಿಲ್ಯೋನೆ ಫಲ್ಲೆತ್ತೊದಲ್ಲಿ ಎರಡೂ ಗುಣ ಸಿಗುತ್ತವೆ. ಆದರೂ ಒಂದೇ ವರ್ಷದ ಲಾ ಮೊರ್ರಾ ವೈನನ್ನೂ ಸೆರ್ರಲುಂಗಾ ವೈನನ್ನೂ ಅಕ್ಕಪಕ್ಕ ಇಟ್ಟು ಕುಡಿದು ನೋಡು, ನಾಲಿಗೆಗೇ ತಿಳಿಯುತ್ತದೆ.

ನೆಬ್ಬಿಯೋಲೊ ಬೇಗ ಚಿಗುರುತ್ತದೆ, ತಡವಾಗಿ ಹಣ್ಣಾಗುತ್ತದೆ. ಕೊಯ್ಲು ಅಕ್ಟೋಬರಿನವರೆಗೂ ಎಳೆಯುತ್ತದೆ. ಹಾಗಾಗಿ ದಕ್ಷಿಣಕ್ಕೆ ಮುಖ ಮಾಡಿದ ಬೆಚ್ಚನೆಯ ಇಳಿಜಾರೆಲ್ಲ ಅದಕ್ಕೇ ಮೀಸಲು. ಬಾರ್ಬೆರಾ, ದೊಲ್ಚೆತ್ತೊ ಎಂಬ ಬೇರೆ ದ್ರಾಕ್ಷಿ ಬಳ್ಳಿಗಳಿಗೆ ಉಳಿದ ಜಾಗ, ಬಿಸಿಲು ಕಡಿಮೆಯಿರುವ ಮಗ್ಗುಲಿಗೆ ಹೇಜಲ್‌ನಟ್ ಗಿಡ. ನ್ಯುಟೆಲ್ಲಾ 1964ರಲ್ಲಿ ಆಲ್ಬಾದಲ್ಲೇ ಹುಟ್ಟಿದ್ದರ ಹಿಂದೆ ಈ ಗಿಡಗಳಿವೆ.

ಗ್ಲಾಸಿನಲ್ಲಿ ಬಣ್ಣ ತೆಳು, ಅಂಚಿನಲ್ಲಿ ಇಟ್ಟಿಗೆಗೆಂಪು. ಇದೇನು ನೀರಾಗಿದೆ ಅನ್ನಿಸಬಹುದು. ಬಾಯಿಗಿಟ್ಟರೆ ಒಗರೂ ಹುಳಿಯೂ ಹಿಡಿದುಕೊಳ್ಳುತ್ತವೆ. ಬರೋಲೊ 38 ತಿಂಗಳು ಮಾಗಿಯೇ ಮಾರಾಟಕ್ಕೆ ಬರಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಬಾರ್ಬರೆಸ್ಕೊಗೆ 26 ತಿಂಗಳು, ಮರದಲ್ಲಿ 9. ಇಷ್ಟಾದರೂ ಎಳೆಯ ಬರೋಲೊವನ್ನು ಬರಿಹೊಟ್ಟೆಯಲ್ಲಿ ಕುಡಿದರೆ ಬಾಯಿ ಒಣಗುತ್ತದೆ, ಬಹಳ ಜನ ಬೇಸರಪಡುವುದು ಇಲ್ಲೇ. ಒಗರು ಮೆದುವಾಗಲು ಜೊತೆಗೆ ಕೊಬ್ಬು, ಪ್ರೋಟೀನ್ ಇರುವ ಊಟ ಬೇಕು. ಒಂದೆರಡು ಗಂಟೆ ಮೊದಲೇ ಅಗಲ ಬಾಯಿಯ ಪಾತ್ರೆಗೆ ಸುರಿದಿಡಿಸು. 16–18 ಡಿಗ್ರಿ ತಂಪು ಸಾಕು, ಫ್ರಿಜ್ಜಿನ ತಂಪಿಗೆ ಒಗರು ಇನ್ನಷ್ಟು ಎದ್ದು ಬರುತ್ತದೆ. ಮೊದಲ ರಾತ್ರಿಗೆ ಲಾಂಗೆ ನೆಬ್ಬಿಯೋಲೊ ಕೇಳು: ಅದೇ ದ್ರಾಕ್ಷಿ, ಬೆಲೆ ಎಷ್ಟೋ ಕಡಿಮೆ. ಬಾರ್ಬರೆಸ್ಕೊ ಊರಿನ ಹಳೆಯ ಸಾನ್ ದೊನಾತೊ ಚರ್ಚು ಈಗ ವೈನ್ ಮಳಿಗೆ. ಅಲ್ಲಿ ಗ್ಲಾಸಿನ ಲೆಕ್ಕದಲ್ಲಿ ರುಚಿ ನೋಡಬಹುದು.

ನೀನು ಸಸ್ಯಾಹಾರಿ, ಅದಕ್ಕೇ ಇದೊಂದು ಮಾತು. ಮೊಟ್ಟೆಯ ಹಳದಿಯಲ್ಲಿ ಕಲಸಿದ ಸಣ್ಣ ಎಳೆಯ ಪಾಸ್ತಾ ತಾಯರಿನ್ ಸಾಮಾನ್ಯವಾಗಿ ಮಾಂಸದ ಸಾಸಿನೊಂದಿಗೆ ಬರುತ್ತದೆ. ಮೊಟ್ಟೆ ಆಗುತ್ತದಾದರೆ "ಬುರ್ರೊ ಎ ಸಾಲ್ವಿಯಾ" ಎನ್ನು, ಬೆಣ್ಣೆಯಲ್ಲಿ ಸೇಜ್ ಎಲೆ ಹಾಕಿ ಕೊಡುತ್ತಾರೆ. ಪ್ಲಿನ್ ಎಂಬ ಪುಟ್ಟ ಕಡುಬಿನ ಒಳಗೆ ಹೆಚ್ಚಾಗಿ ಮಾಂಸವಿರುತ್ತದೆ, ಕೇಳದೆ ತಿನ್ನಬೇಡ. ಬಿಳಿ ಟ್ರಫಲ್ ಅಣಬೆಯನ್ನು ಬೇಯಿಸುವುದಿಲ್ಲ, ಬಿಸಿ ತಾಯರಿನ್ ಮೇಲೆ ತೆಳ್ಳಗೆ ಹೆರೆಯುತ್ತಾರೆ. ಬೆಲೆ ಗ್ರಾಮಿನ ಲೆಕ್ಕ. ಹೆರೆಯುವ ಮೊದಲೂ ಆಮೇಲೂ ತೂಗಿ ತೋರಿಸಲು ಹೇಳು. ಟ್ರಫಲ್ ಎಣ್ಣೆ ಮಾತ್ರ ಕೊಳ್ಳಬೇಡ, ಹೆಚ್ಚಿನವುಗಳಲ್ಲಿ ಇರುವುದು ಕೃತಕ ವಾಸನೆ.

ಅಕ್ಟೋಬರ್ ಕೊಯ್ಲಿನ ಕಾಲವೂ ಹೌದು, ಆಲ್ಬಾದ ಟ್ರಫಲ್ ಜಾತ್ರೆಯ ಕಾಲವೂ ಹೌದು. ವೈನ್ ಮನೆಗಳಿಗೆ ವಾರಗಳ ಮುಂಚೆಯೇ ಇ-ಮೇಲ್ ಮಾಡು. ಭಾನುವಾರ ಬಾಗಿಲು ಹಾಕುವವರು ಬಹಳ. ಮಧ್ಯಾಹ್ನ ಊಟದ ಹೊತ್ತಿಗೆ ಯಾರೂ ಸಿಗುವುದಿಲ್ಲ. ದಿನಕ್ಕೆ ಎರಡು ಮನೆ ಸಾಕು, ಮೂರನೆಯದಕ್ಕೆ ನಾಲಿಗೆ ಸೋತಿರುತ್ತದೆ.

ಭಾರತಕ್ಕೆ ಸುಂಕವಿಲ್ಲದೆ ಒಬ್ಬರು ತರಬಹುದಾದ್ದು 2 ಲೀಟರ್, ಅದರೊಳಗೆ 750 ಮಿಲಿಯ ಎರಡು ಬಾಟಲಿ ಹಿಡಿಯುತ್ತವೆ. ಒಂದು ಲಾ ಮೊರ್ರಾದ್ದು, ಇನ್ನೊಂದು ಸೆರ್ರಲುಂಗಾದ್ದು ತಾ. ಮನೆಯಲ್ಲಿ ಅಡ್ಡ ಮಲಗಿಸಿಡು, ಅಡುಗೆಮನೆಯ ಕಪಾಟಿನ ಬಿಸಿಯಲ್ಲಿ ಮಾತ್ರ ಬೇಡ.

ಇಂತಿ,
ನಿನ್ನ ಗೆಳೆಯ