ಗಣಿ ನಿಧಿಗೆ ಸಂಬಳ ಕಟ್ಟಬೇಡ

ಬಳ್ಳಾರಿ

ಚಿರಂಜೀವಿಗೆ, ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಕಚೇರಿಯ ಲೆಕ್ಕಪತ್ರ ಶಾಖೆ ನಿನಗೆ ಸಿಕ್ಕಿದ್ದು ಕೇಳಿ ಬಹಳ ಸಂತೋಷವಾಯಿತು. ಕ್ರಿಯಾಯೋಜನೆ ಬರೆಯಲು ಕೂತಾಗ, ಯಾವ ದುಡ್ಡು ವರ್ಷ ವರ್ಷ ಬರುತ್ತದೆ, ಯಾವುದು ಬಂದಾಗ ಮಾತ್ರ ಬರುತ್ತದೆ ಎಂದು ಮೊದಲು ಬೇರೆ ಮಾಡಿಕೋ.

ನಮ್ಮ ಜಿಲ್ಲೆಯಲ್ಲಿ ಎಲ್ಲರ ಕಣ್ಣೂ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿಯ ಮೇಲೆ, ಅಂದರೆ ಗಣಿಬಾಧಿತ ಜನರಿಗಾಗಿ ಗಣಿಯವರು ಕಟ್ಟುವ ದುಡ್ಡಿನ ಮೇಲೆ. ಗಣಿಯವರು ಸರ್ಕಾರಕ್ಕೆ ಕಟ್ಟುವ ಕಬ್ಬಿಣದ ಅದಿರಿನ ರಾಜಧನ ಸರಾಸರಿ ಮಾರಾಟ ಬೆಲೆಯ ಶೇ 15. 2015ರ ಜನವರಿ 12ಕ್ಕೆ ಮೊದಲಿನ ಗುತ್ತಿಗೆಯಾದರೆ ಆ ರಾಜಧನದ ಶೇ 30ರಷ್ಟು, ಹರಾಜಾದ ಗಣಿಯಾದರೆ ಬರೀ ಶೇ 10ರಷ್ಟು, ರಾಜಧನವಲ್ಲದೆ ಬೇರೆಯಾಗಿ, ನಿಧಿಗೆ ಸೇರುತ್ತದೆ. ಟನ್ನಿಗೆ 2,000 ರೂಪಾಯಿ ಎಂದು ಹಿಡಿ: ರಾಜಧನ 300, ಹಳೇ ಗುತ್ತಿಗೆಯಿಂದ ನಿಧಿಗೆ 90, ಹರಾಜಿನ ಗಣಿಯಿಂದ 30. ಬೆಲೆ 1,200ಕ್ಕೆ ಇಳಿದರೆ 54 ಮತ್ತು 18. ಹಳೇ ಗುತ್ತಿಗೆ ಮುಗಿದು ಅದೇ ಗಣಿ ಹರಾಜಿಗೆ ಹೋದರೆ, ಲಾರಿಗಳು ಮೊದಲಿನಷ್ಟೇ ಓಡಿದರೂ ನಿಧಿಗೆ ಬರುವುದು ಮೂರರಲ್ಲಿ ಒಂದು ಪಾಲು. ಹರಾಜಿನಲ್ಲಿ ಕೂಗಿದ ಹೆಚ್ಚುವರಿ ಮೊತ್ತ (ಪ್ರೀಮಿಯಂ) ರಾಜ್ಯದ ಖಜಾನೆಗೆ ಹೋಗುತ್ತದೆ. 2011ರಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದಾಗ ಅದಿರಿನ ದುಡ್ಡು ಹೇಗೆ ನಿಂತಿತೆಂದು ಬಳ್ಳಾರಿಯವರಿಗೆ ಹೇಳಿಕೊಡಬೇಕಿಲ್ಲ.

ಅದಕ್ಕೇ ನರ್ಸು, ಲ್ಯಾಬ್ ಟೆಕ್ನಿಷಿಯನ್ ಸಂಬಳವನ್ನು ಇದಕ್ಕೆ ಕಟ್ಟಬೇಡ. ಅದು ರಾಜ್ಯ ಬಜೆಟ್ಟಿನಲ್ಲಿ, ಇಲ್ಲವೇ ಕೇಂದ್ರ 60, ರಾಜ್ಯ 40 ಪಾಲು ಕೊಡುವ ರಾಷ್ಟ್ರೀಯ ಆರೋಗ್ಯ ಅಭಿಯಾನದಲ್ಲಿ ಇರಲಿ. ಅಭಿಯಾನದ ದುಡ್ಡು ಖರ್ಚಾಯಿತೆಂದು ತೋರಿಸುವ ಬಳಕೆ ಪ್ರಮಾಣಪತ್ರ ತಡವಾದರೆ ಮುಂದಿನ ಕಂತು ನಿಲ್ಲುತ್ತದೆ, ಗುತ್ತಿಗೆ ನೌಕರರ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತದೆ.

ಗಣಿ ನಿಧಿಯಿಂದ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನದಿಂದ ಕಟ್ಟಡ, ಯಂತ್ರ ತರಬಹುದು. ಆದರೆ ಅವನ್ನು ನಡೆಸುವವರ ಹುದ್ದೆ ಮಂಜೂರಾತಿ ಆದೇಶ ಕೈಗೆ ಬರದೆ ಟೆಂಡರ್ ಕರೆಯಬೇಡ. ಸ್ಕ್ಯಾನಿಂಗ್ ಯಂತ್ರವನ್ನೇ ತಗೋ: ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯ (ಪಿಸಿಪಿಎನ್‌ಡಿಟಿ) ನೋಂದಣಿ, ಅರ್ಹ ವೈದ್ಯರು, ವಾರಂಟಿ ಮುಗಿದ ಮೇಲಿನ ನಿರ್ವಹಣಾ ಗುತ್ತಿಗೆ, ಮೂರೂ ಬೇಕು. ಒಂದು ತಪ್ಪಿದರೂ ಅದು ಪ್ಲಾಸ್ಟಿಕ್ ಹೊದಿಕೆಯೊಳಗೇ ಕೂರುತ್ತದೆ, ಗರ್ಭಿಣಿ ಖಾಸಗಿ ಸೆಂಟರಿಗೆ ದುಡ್ಡು ಕೊಟ್ಟು ಹೋಗುತ್ತಾಳೆ. ಇದು ನನಗೆ ಸಹಿಸಲಾಗದ ಮಾತು.

ನಮ್ಮ ಆರೋಗ್ಯ ಖರ್ಚನ್ನು ರಾಯಚೂರು, ಕೊಪ್ಪಳದ ಅಂಕಿಯ ಜೊತೆ ಹೋಲಿಸುವಾಗ ಎಚ್ಚರ. ಆ ಕಡೆಯ ರೋಗಿಗಳೂ ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರುತ್ತಾರೆ, ಖರ್ಚು ಇಲ್ಲಿ ಬೀಳುತ್ತದೆ. ಗುಳೆ ಹೋದ ಊರಿನಲ್ಲಿ ಹೊರರೋಗಿಗಳ ಸಂಖ್ಯೆ ಇಳಿದಿದ್ದರೆ, ಜನರಿಗೆ ಅಗತ್ಯವಿಲ್ಲವೆಂದು ಔಷಧಿ ಬೇಡಿಕೆ ಕಡಿಮೆ ಬರೆಯಬೇಡ. ಅವರು ಮುಂಗಾರಿಗೆ ಮರಳುತ್ತಾರೆ. ಆಶಾ ಕಾರ್ಯಕರ್ತೆಯರ ಮನೆ ಪಟ್ಟಿ ತರಿಸಿ ಬರೆ.

ಕರಡು ಮುಗಿದಾಗ ಸಿಬ್ಬಂದಿಯ ಪುಟ ಕಳಿಸು, ನೋಡಿಕೊಡುತ್ತೇನೆ.

ನಿನ್ನ ದೊಡ್ಡಪ್ಪ