ಲಗ್ನಪತ್ರಿಕೆಗೆ ಪ್ಲಾಸ್ಟಿಕ್ ಪೊರೆ ಯಾಕೆ?

ಮಾನ್ಯ ಸಂಪಾದಕರೇ,

ಮಂಡ್ಯದಲ್ಲಿ ನನ್ನದೊಂದು ಸಣ್ಣ ಡಿಜಿಟಲ್ ಪ್ರಿಂಟಿಂಗ್ ಅಂಗಡಿ ಇದೆ. 14 ವರ್ಷದಿಂದ ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡು, ಬಿಲ್ ಬುಕ್ಕು, ಕಾಲೇಜು ಮಕ್ಕಳ ಪ್ರಾಜೆಕ್ಟ್ ರಿಪೋರ್ಟು ಮಾಡಿಕೊಡುತ್ತಿದ್ದೇನೆ. ಕೆಲವು ತಿಂಗಳ ಹಿಂದೆ ರದ್ದಿ ತೂಕಕ್ಕೆ ಹಾಕುವಾಗ ನಡೆದದ್ದು ಇನ್ನೂ ತಲೆಯಿಂದ ಹೋಗಿಲ್ಲ. ಅದಕ್ಕೇ ಈ ಪತ್ರ.

ಗುಜರಿಯವರು ಮೂಟೆ ಬಿಚ್ಚಿ ಎರಡು ರಾಶಿ ಮಾಡಿದರು. ಕಟಿಂಗ್ ಮಷೀನಿನಿಂದ ಬಿದ್ದ ಬಿಳಿ ಅಂಚು, ಕೆಟ್ಟುಹೋದ ಜೆರಾಕ್ಸ್ ಹಾಳೆ ಒಂದು ಕಡೆ. ಮಿರಮಿರ ಮಿಂಚುವ ಕಾರ್ಡುಗಳು, ಪುಸ್ತಕದ ಹೊದಿಕೆಗಳು ಇನ್ನೊಂದು ಕಡೆ. "ಇದ್ ಬ್ಯಾಡ ಕಣಣ್ಣ, ಮಿಲ್ನೋರು ಮುಟ್ಟಕಿಲ್ಲ" ಎಂದು ಒಂದು ಕಾರ್ಡನ್ನು ನನ್ನೆದುರೇ ಹರಿದರು. ಕಾಗದ ಹರಿಯಿತು. ಅದರ ಮೇಲಿನ ತೆಳು ಪೊರೆ ಮಾತ್ರ ಹರಿಯದೆ ಜಗ್ಗಿಕೊಂಡು ಬಂತು. ಅದೇ ಲ್ಯಾಮಿನೇಷನ್. ಚೆನ್ನಾಗಿ ಕಾಣುತ್ತದೆ ಎಂದು ಗಿರಾಕಿಗೆ ಹೇಳಿ, ಕಾರ್ಡಿಗೆ ಇಷ್ಟು ಅಂತ ದುಡ್ಡು ತೆಗೆದುಕೊಂಡು ಹಾಕಿದವನು ನಾನೇ. ಅಷ್ಟು ವರ್ಷದಿಂದ ನಾನು ಕೊಟ್ಟ ಕಾರ್ಡುಗಳೆಲ್ಲ ಮದುವೆ ಮುಗಿದ ಮೇಲೆ ಎಲ್ಲಿಗೆ ಹೋಗಿರಬಹುದು ಎಂದು ಅವತ್ತು ಮೊದಲ ಸಲ ಯೋಚಿಸಿದೆ. ಕಸದ ಗುಡ್ಡೆಗೆ, ಇಲ್ಲವೇ ನೀರೊಲೆಗೆ. ಬೇರೆ ದಾರಿ ಇಲ್ಲ.

ಇದೇ ಹೊತ್ತಿಗೆ ಮಗಳಿಗೆ ಶಾಲೆಯಲ್ಲಿ ವಿಜ್ಞಾನದ ಮಾಡೆಲ್ ಮಾಡಬೇಕಿತ್ತು. ಇಬ್ಬರೂ ಸೇರಿ ಮೂರು ಡಬ್ಬಿಯಲ್ಲಿ ನೀರಿಟ್ಟು ಮೂರು ಥರದ ಕಾಗದ ನೆನೆಹಾಕಿದೆವು. ಒಂದರಲ್ಲಿ ಲೇಸರ್ ಪ್ರಿಂಟ್, ಒಂದರಲ್ಲಿ ಇಂಕ್‌ಜೆಟ್ ಪ್ರಿಂಟ್, ಇನ್ನೊಂದರಲ್ಲಿ ಲ್ಯಾಮಿನೇಟ್ ಆದ ಕಾರ್ಡು. ಬೆಳಗ್ಗೆ ಹಳೇ ಮಿಕ್ಸಿಗೆ ಹಾಕಿ ರುಬ್ಬಿದೆವು. ಲೇಸರ್ ಹಾಳೆಯ ಹಿಟ್ಟಿನಲ್ಲಿ ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕಿಗಳಿದ್ದವು. ಸೋಪಿನ ಪುಡಿ ಹಾಕಿ ಕಡೆದರೆ ಅದರಲ್ಲಿ ಒಂದಿಷ್ಟು ನೊರೆಯ ಜೊತೆ ಮೇಲೆ ಬಂದವು. ಇಂಕ್‌ಜೆಟ್ ಹಾಳೆಯ ನೀರು ನೇರಳೆ ಬಣ್ಣಕ್ಕೆ ತಿರುಗಿತ್ತು. ಮೂರು ಸಲ ತೊಳೆದರೂ ಹಿಟ್ಟು ಬೆಳ್ಳಗಾಗಲಿಲ್ಲ. ಕಾರ್ಡಿನ ಕಥೆಯೇ ಬೇರೆ. ಕಾಗದ ಕರಗಿ ಕೆಳಗೆ ಕೂತಿತ್ತು, ಪೊರೆ ಇಡಿಯಾಗಿ ಕೈಗೆ ಬಂತು. ವಧೂವರರ ಹೆಸರು ಆ ಪೊರೆಗೇ ಅಂಟಿಕೊಂಡು ಸ್ಪಷ್ಟವಾಗಿ ಓದಲು ಬರುತ್ತಿತ್ತು.

ಮಿಲ್ಲಿನಲ್ಲಿ ನಡೆಯುವುದೂ ಹೆಚ್ಚುಕಡಿಮೆ ಇದೇ. ರದ್ದಿಯನ್ನು ನೀರಲ್ಲಿ ಕಲಸಿ ತಿರುಳು ಮಾಡುತ್ತಾರೆ. ಬಿಳಿ ಕಾಗದ ಬೇಕಾದರೆ ಸೋಪಿನಂಥ ವಸ್ತು ಬೆರೆಸಿ, ತೊಟ್ಟಿಯೊಳಗೆ ಗಾಳಿ ಬಿಡುತ್ತಾರೆ. ಶಾಯಿಯ ಕಣಗಳು ಗುಳ್ಳೆಗೆ ಅಂಟಿಕೊಂಡು ನೊರೆಯಾಗಿ ಮೇಲೆ ಬರುತ್ತವೆ. ಆ ನೊರೆ ತೆಗೆಯುತ್ತಾರೆ. ನೀರಿಗೆ ಸೇರದ ಶಾಯಿ ಹೀಗೆ ಬಿಡುತ್ತದೆ. ಪುಸ್ತಕ, ಪತ್ರಿಕೆ ಅಚ್ಚು ಮಾಡುವ ಆಫ್‌ಸೆಟ್ ಮಷೀನಿನ ಎಣ್ಣೆ ಶಾಯಿ, ಲೇಸರ್ ಪ್ರಿಂಟರಿನ ಪುಡಿ ಶಾಯಿಯಾದ ಟೋನರ್ ಸಾಮಾನ್ಯವಾಗಿ ಈ ಗುಂಪಿನವು. ಇಂಕ್‌ಜೆಟ್‌ನ ನೀರಿನ ಶಾಯಿ ಗುಳ್ಳೆಗೆ ಅಂಟುವುದಿಲ್ಲ, ನೀರಲ್ಲೇ ಉಳಿದು ತಿರುಳಿಗೆಲ್ಲ ಬಣ್ಣ ಹಿಡಿಸುತ್ತದೆ. ದೀಪದ ಬೆಳಕಿಗೆ ಗಟ್ಟಿಯಾಗುವ ಯುವಿ ಶಾಯಿಯೂ ಕಷ್ಟವೇ. ಅದು ಪ್ಲಾಸ್ಟಿಕ್ಕಿನ ಚೂರಿನಂತೆ ಒಡೆದು ಕಾಗದದಲ್ಲಿ ಚುಕ್ಕಿಯಾಗಿ ಉಳಿಯುತ್ತದೆ.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. "ನೀರಿನ ಶಾಯಿ ಸಾರ್, ಪೂರ್ತಿ ಇಕೋ ಫ್ರೆಂಡ್ಲಿ" ಎಂದು ಮಾರಲು ಬರುವವರ ಮಾತನ್ನು ನಾನು ಸುಮ್ನೆ ನಂಬಿದ್ದೆ. ಅವರು ಹೇಳುವುದು ಪೂರ್ತಿ ಸುಳ್ಳಲ್ಲ. ಆ ಶಾಯಿಗೆ ರಾಸಾಯನಿಕ ದ್ರಾವಕ ಬೆರೆತ ಸಾಲ್ವೆಂಟ್ ಶಾಯಿಯ ಘಾಟಿಲ್ಲ, ಮಷೀನಿನ ಮುಂದೆ ದಿನವಿಡೀ ನಿಲ್ಲುವ ಹುಡುಗರ ಶ್ವಾಸಕ್ಕೆ ಅದು ಎಷ್ಟೋ ಮೇಲು. ಆದರೆ ಅದೇ ಕಾಗದ ಮತ್ತೆ ಕಾಗದವಾಗುತ್ತದಾ ಎಂಬುದು ಬೇರೆ ಪ್ರಶ್ನೆ. ಯುರೋಪಿನಲ್ಲಿ ಕಾಗದದ ಮಿಲ್ಲುಗಳೇ ಸೇರಿ ಕಟ್ಟಿಕೊಂಡ 'ಇಂಗೇಡೆ' ಎಂಬ ಸಂಘ ಈ ಒಂದೇ ಪ್ರಶ್ನೆಗಾಗಿ ಪರೀಕ್ಷೆಯ ವಿಧಾನ ರೂಪಿಸಿದೆ. ಬಣ್ಣವನ್ನು ಕಾಗದದ ಮೇಲ್ಮೈಯಲ್ಲೇ ಗಟ್ಟಿಯಾಗಿ ನಿಲ್ಲಿಸುವ ಲೇಪ ಹಾಕಿದರೆ ಇಂಕ್‌ಜೆಟ್ ಹಾಳೆಯಿಂದಲೂ ಶಾಯಿ ಬಿಡಿಸಬಹುದು ಎಂದು ಗೊತ್ತಾಗಿದೆ. ನಮ್ಮಲ್ಲೂ ಶಾಯಿಯ ಡಬ್ಬಿಯ ಮೇಲೆ, ಅದು ರದ್ದಿ ಕಾಗದದಿಂದ ಬಿಡುತ್ತದೋ ಇಲ್ಲವೋ ಎಂದು ಒಂದು ಮಾತು ಬರೆದಿರಬೇಕು. ಎಲೆ ಚಿತ್ರ ಹಾಕಿ ಹಸಿರು ಬಣ್ಣ ಬಳಿದರೆ ನಮ್ಮಂಥ ಸಣ್ಣ ಅಂಗಡಿಯವರಿಗೆ ಏನೂ ತಿಳಿಯುವುದಿಲ್ಲ.

ಕಾಗದದ ವಿಷಯಕ್ಕೆ ಬಂದರೆ ಮಂಡ್ಯದವನಾಗಿ ಹೊಟ್ಟೆ ಉರಿಯುತ್ತದೆ. ನಾಲ್ವಡಿಯವರ ಕಾಲದಲ್ಲಿ 1933ಕ್ಕೆ ಮಂಡ್ಯದಲ್ಲಿ ಮೈಷುಗರ್ ಸಕ್ಕರೆ ಕಾರ್ಖಾನೆ, 1936ಕ್ಕೆ ಭದ್ರಾವತಿಯಲ್ಲಿ ಮೈಸೂರು ಕಾಗದ ಕಾರ್ಖಾನೆ, 1937ಕ್ಕೆ ಮೈಸೂರಿನಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆ ಸ್ಥಾಪನೆಯಾದವು. 1962ರ ಚುನಾವಣೆಯಿಂದ ದೇಶದ ಮತದಾರರ ಬೆರಳಿಗೆ ಶಾಯಿ ಹೋಗುತ್ತಿರುವುದು ಆ ಕೊನೆಯದರಿಂದಲೇ. ಸಕ್ಕರೆ, ಕಾಗದ, ಬಣ್ಣ ಮೂರೂ ನಮ್ಮವೇ. ಈಗ ಭದ್ರಾವತಿಯ ಕಾರ್ಖಾನೆ ನಿಂತಿದೆ. ನಮ್ಮ ಪಕ್ಕದ ಬೆಳಗೊಳದ ಕಾಗದ ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಯಿತು. ನನ್ನ ಅಂಗಡಿಗೆ ಕಬ್ಬಿನ ಸಿಪ್ಪೆಯಿಂದ ಮಾಡಿದ ಕಾಪಿಯರ್ ಕಾಗದ ಬರುತ್ತದೆ, ಬಿಳುಪು ಚೆನ್ನಾಗಿದೆ, ಟೋನರ್ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದು ಬರುವುದು ತಮಿಳುನಾಡಿನ ಕರೂರು ಕಡೆಯಿಂದ. ಇಲ್ಲಿ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಕರೆಂಟು ಮಾಡುತ್ತಾರೆ, ಅದು ದಂಡವಾಗುತ್ತಿದೆ ಎಂದು ನಾನು ಹೇಳುವುದಿಲ್ಲ. ಆದರೂ ಸಕ್ಕರೆ ಕಾರ್ಖಾನೆಗಳ ಮಾತು ಬಂದಾಗಲೆಲ್ಲ ಎಥನಾಲ್, ಕರೆಂಟು ಇಷ್ಟೇ ಕೇಳಿಬರುತ್ತದೆ. ಕಾಗದವನ್ನೂ ಯಾರಾದರೂ ಲೆಕ್ಕ ಹಾಕಿ ನೋಡಬೇಕು.

ಫ್ಲೆಕ್ಸ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ರಾಜ್ಯ ಸರ್ಕಾರ 2016ರ ಮಾರ್ಚಿನಲ್ಲೇ ನಿಷೇಧಿಸಿದ್ದು ಇವತ್ತಿಗೂ ಸರ್ಕಲ್ಲುಗಳಲ್ಲಿ ನೇತಾಡುತ್ತಿದೆ. 2022ರ ಜುಲೈ 1ರಿಂದ ಆಮಂತ್ರಣ ಪತ್ರಿಕೆಗೆ ಸುತ್ತುವ ಪ್ಲಾಸ್ಟಿಕ್ ಹಾಳೆಯನ್ನೂ ಕೇಂದ್ರ ನಿಷೇಧಿಸಿದೆ. ಕಾರ್ಡಿಗೇ ಅಂಟಿಸುವ ಪೊರೆಯ ಮಾತು ಆ ಪಟ್ಟಿಯಲ್ಲಿಲ್ಲ. ಸುತ್ತಿದ ಹಾಳೆಯನ್ನಾದರೂ ಬಿಚ್ಚಿ ಬೇರೆ ಇಡಬಹುದು. ಅಂಟಿಸಿದ ಪೊರೆ ಒಳ್ಳೆಯ ಕಾಗದವನ್ನೂ ತನ್ನ ಜೊತೆ ಕಸಕ್ಕೆ ಎಳೆದುಕೊಂಡು ಹೋಗುತ್ತದೆ, ಅಲ್ವಾ? ಅದನ್ನೂ ಪಟ್ಟಿಗೆ ಸೇರಿಸಬೇಕು.

ನಾನು ಲಗ್ನಪತ್ರಿಕೆಗೆ ಲ್ಯಾಮಿನೇಷನ್ ನಿಲ್ಲಿಸಿದೆ. ಸ್ವಲ್ಪ ದಪ್ಪದ, ಲೇಪವಿಲ್ಲದ ಕಾಗದ ತೋರಿಸುತ್ತೇನೆ. ಕೆಲವರು ಬೇರೆ ಅಂಗಡಿಗೆ ಹೋದರು, ಅದು ನಷ್ಟವೇ. ಆದರೆ ಮದ್ದೂರು ಕಡೆಯ ಒಂದು ಮನೆಯವರು ಬಂದಾಗ ಜೊತೆಗಿದ್ದ ಅಜ್ಜಿ ಸ್ಯಾಂಪಲ್ ಕಾರ್ಡು ಮುಟ್ಟಿ ನೋಡಿ, "ಇದೇ ಇರಲಿ ಮಗ, ಆ ನುಣ್ಣನೇದಕ್ಕೆ ಅರಿಸ್ನ ನಿಲ್ಲಕಿಲ್ಲ" ಅಂದರು. ನಿಜ. ಪೊರೆ ಇರುವ ಕಾರ್ಡಿನ ನಾಲ್ಕು ಮೂಲೆಗೆ ಅರಿಸಿನ ಹಚ್ಚಿದರೆ ಒಣಗಿದ ಮೇಲೆ ಉದುರಿಹೋಗುತ್ತದೆ. ಬರೀ ಕಾಗದ ಅದನ್ನು ಹೀರಿ ಹಿಡಿದುಕೊಳ್ಳುತ್ತದೆ. ಈಗ ಬರುವ ಗಿರಾಕಿಗಳಿಗೆಲ್ಲ ನಾನು ಇದನ್ನೇ ಹೇಳುತ್ತೇನೆ, ಮುಕ್ಕಾಲು ಜನ ಒಪ್ಪುತ್ತಾರೆ.

ಇನ್ನು ಎರಡು ಕೋರಿಕೆ. ಟೋನರ್ ಕಾರ್ಟ್ರಿಡ್ಜುಗಳು ಕಾನೂನಿನ ಪ್ರಕಾರ ಇ-ತ್ಯಾಜ್ಯ. ಆದರೆ ಖಾಲಿಯಾದದ್ದನ್ನು ಕೊಡಲು ನಮಗೆ ಹತ್ತಿರದಲ್ಲಿ ಒಂದು ಜಾಗ ಬೇಕು, ನಗರಸಭೆ ತಿಂಗಳಿಗೊಂದು ದಿನ ಗಾಡಿ ಕಳಿಸಿದರೂ ಸಾಕು. ಎರಡನೆಯದು ಮೈಸೂರು, ಮಂಡ್ಯದ ಕಾಲೇಜುಗಳಿಗೆ. ಪ್ರಾಜೆಕ್ಟ್ ರಿಪೋರ್ಟು ಒಂದೇ ಮಗ್ಗುಲಿಗೆ ಪ್ರಿಂಟ್ ಆಗಬೇಕು, ಮೇಲೆ ಪ್ಲಾಸ್ಟಿಕ್ ಹಾಳೆ ಇರಬೇಕು, ಮೂರು ನಾಲ್ಕು ಪ್ರತಿ ಬೇಕು ಎಂದು ಮಕ್ಕಳು ಬಂದು ಹೇಳುತ್ತಾರೆ. "ಎರಡೂ ಮಗ್ಗುಲಿಗೆ ಮಾಡೋಣವಾ?" ಎಂದರೆ, "ಮೇಡಂ ವಾಪಸ್ ಕೊಡ್ತಾರೆ ಅಂಕಲ್" ಅನ್ನುತ್ತಾರೆ. ಎರಡೂ ಮಗ್ಗುಲು, ರಟ್ಟಿನ ಹೊದಿಕೆ, ಒಂದೇ ಪ್ರತಿ ಎಂದು ವಿಶ್ವವಿದ್ಯಾಲಯ ಒಂದು ಸುತ್ತೋಲೆ ಹೊರಡಿಸಲಿ. ರಿಪೋರ್ಟುಗಳ ಸೀಸನ್ ಶುರುವಾಗುವ ಮೊದಲೇ ಬಂದರೆ ಈ ವರ್ಷದ ಮಕ್ಕಳಿಗೇ ಅನ್ವಯವಾಗುತ್ತದೆ.

ಇಂತಿ,
ಒಬ್ಬ ಡಿಜಿಟಲ್ ಪ್ರಿಂಟಿಂಗ್ ಅಂಗಡಿಯವ
ಮಂಡ್ಯ