12ರ ಕ್ರಿಸ್ಟಲ್ ಹಾಕಿ ಅಂದರೆ ಸಾಲದು, ಯಾಕೆ ಅಂತಲೂ ಹೇಳಿಕೊಡಿ

ಮಾನ್ಯರೇ,

ಮಂಡ್ಯದ ಗುತ್ತಲು ರಸ್ತೆಯಲ್ಲಿ ನನ್ನದೊಂದು ರೇಡಿಯೊ, ಟಿವಿ ರಿಪೇರಿ ಅಂಗಡಿ ಇದೆ. ಕಳೆದ ವಾರ ಇಬ್ಬರು ಡಿಪ್ಲೊಮಾ ಹುಡುಗಿಯರು ಪ್ರಾಜೆಕ್ಟ್ ಬೋರ್ಡ್ ಹಿಡಿದು ಬಂದರು. ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್. ಒಬ್ಬಳ ಅಪ್ಪನದು ಪಾಂಡವಪುರದ ಕಡೆ ಕಬ್ಬಿನ ಗದ್ದೆ. ತ್ರೀ ಫೇಸ್ ಕರೆಂಟ್ ರಾತ್ರಿ ಬಂದರೆ ಟಾರ್ಚ್ ಹಿಡಿದು ಬದುವಿನ ಮೇಲೆ ಹೋಗಬೇಕು, ಹಾವಿನ ಭಯ ಬೇರೆ. ಮನೆಯಿಂದಲೇ ಮೆಸೇಜ್ ಕಳಿಸಿ ಮೋಟಾರ್ ಹಾಕುವಂತಾಗಲಿ ಅಂತ ಆ ಮಗುವಿನ ಆಸೆ.

ಸಿಮ್ ಹಾಕಿ ಮೆಸೇಜ್ ಪಡೆಯುವ ಜಿಎಸ್‌ಎಂ ಮಾಡ್ಯೂಲ್‌ನ ದೀಪ ಮೂರು ಸೆಕೆಂಡಿಗೊಮ್ಮೆ ಸರಿಯಾಗಿಯೇ ಮಿನುಗುತ್ತಿತ್ತು. ಅಂದರೆ ನೆಟ್‌ವರ್ಕ್ ಸಿಕ್ಕಿದೆ. ಆದರೆ ಬೋರ್ಡಿನ ಮಿದುಳಾದ 8051 ಚಿಪ್ಪಿಗೂ ಮಾಡ್ಯೂಲ್‌ಗೂ ಮಾತೇ ಇಲ್ಲ. ಎರಡು ಸಿಮ್ ಬದಲಿಸಿದ್ದರು, ದುಡ್ಡು ಕೊಟ್ಟು ಹೊಸ ಮಾಡ್ಯೂಲನ್ನೂ ತಂದಿದ್ದರು. ಚಿಪ್ಪಿಗೆ ತಾಳ ಹಾಕಿಕೊಡುವ ಬಿಡಿಭಾಗವೇ ಕ್ರಿಸ್ಟಲ್. ನಾನು ಲೆನ್ಸ್ ಹಿಡಿದು ಅದರ ಡಬ್ಬಿಯ ಮೇಲಿನ ಅಕ್ಷರ ನೋಡಿದೆ: 12.000. ಅಂದರೆ 12 ಮೆಗಾಹರ್ಟ್ಸ್, ಸೆಕೆಂಡಿಗೆ 1.2 ಕೋಟಿ ಬಡಿತ. ‘ಹನ್ನೆರಡು ಹಾಕಿ, ಲೆಕ್ಕ ಸುಲಭ’ ಎಂದು ಕಾಲೇಜಿನಲ್ಲಿ ಹೇಳಿದ್ದರಂತೆ.

ಸಮಯದ ಲೆಕ್ಕಕ್ಕೆ ಅದು ಸುಲಭವೇ. ಈ ಚಿಪ್ ಕ್ರಿಸ್ಟಲ್‌ನ ವೇಗವನ್ನು 12ರಿಂದ ಭಾಗಿಸಿಕೊಳ್ಳುತ್ತದೆ, ಒಂದು ಎಣಿಕೆಗೆ ಸರಿಯಾಗಿ ಒಂದು ಮೈಕ್ರೊಸೆಕೆಂಡ್. ಆದರೆ ಮಾಡ್ಯೂಲ್‌ನ ಮಾತಿನ ವೇಗ ಹೊಂದಿಸಿದ್ದು ಸೆಕೆಂಡಿಗೆ 9600 ಬಿಟ್‌ಗೆ. ಈ ಮಾತಿನ ವೇಗಕ್ಕೆ ಚಿಪ್ ಸಾಮಾನ್ಯವಾಗಿ 12 ಮೆಗಾಹರ್ಟ್ಸ್ ಅನ್ನು 12ರಿಂದ, ಮತ್ತೆ 32ರಿಂದ ಭಾಗಿಸುತ್ತದೆ, ಬರುವುದು 31,250. ಅದನ್ನು ಚಿಪ್ಪಿನೊಳಗಿನ ಟೈಮರ್ ಪೂರ್ಣ ಸಂಖ್ಯೆಯಿಂದ ಮಾತ್ರ ಭಾಗಿಸಬಲ್ಲದು. 9600ಕ್ಕೆ ಹತ್ತಿರ ತರುವುದು 3, ಅದರಿಂದ ಭಾಗಿಸಿದರೆ ಸುಮಾರು 10,417. ಶೇ 8.5ರಷ್ಟು ಜಾಸ್ತಿ! ಕೋಲಾಟದಲ್ಲಿ ಒಬ್ಬ ಸ್ವಲ್ಪ ಬೇಗ ಬೇಗ ಹೊಡೆದರೆ ಮೊದಲ ನಾಲ್ಕೈದು ಪೆಟ್ಟು ಕೂಡುತ್ತವೆ, ಎಂಟನೆಯದು, ಒಂಬತ್ತನೆಯದು ತಪ್ಪಿಹೋಗುತ್ತದೆ ಅಲ್ವಾ? ಇಲ್ಲೂ ಹಾಗೇ. ಒಂದು ಅಕ್ಷರಕ್ಕೆ ಹತ್ತು ಬಿಟ್, ಕೊನೆಗೆ ಬರುವಷ್ಟರಲ್ಲಿ ಅರ್ಧ ಬಿಟ್‌ಗಿಂತ ಜಾಸ್ತಿ ಜಾರಿರುತ್ತದೆ.

ಕ್ರಿಸ್ಟಲ್‌ಗಳಲ್ಲಿ 11.0592 ಮೆಗಾಹರ್ಟ್ಸ್ ಅನ್ನೋ ವಿಚಿತ್ರ ಅಂಕಿ ಇರುವುದೇ ಇದಕ್ಕೆ. ಅದೇ ಭಾಗಾಕಾರ ಮಾಡಿ, 28,800 ಬರುತ್ತದೆ. 3ರಿಂದ ಭಾಗಿಸಿದರೆ ಸರಿಯಾಗಿ 9600, ಚೂರೂ ಉಳಿಯುವುದಿಲ್ಲ. ಗಡಿಯಾರದ ಕ್ರಿಸ್ಟಲ್ 32,768 ಹರ್ಟ್ಸ್ ಇರುವುದೂ ಸುಮ್ನೆ ಅಲ್ಲ. ಅದನ್ನು 15 ಸಲ ಅರ್ಧ ಮಾಡಿದರೆ ಸೆಕೆಂಡಿಗೆ ಒಂದು ಬಡಿತ.

ಹಳೆಯದನ್ನು ಬಿಚ್ಚಿ 11.0592 ಬೆಸುಗೆ ಹಾಕಿದೆ. ಅದರ ಪಕ್ಕದ 33 ಪಿಕೊಫ್ಯಾರಡ್ ಕೆಪಾಸಿಟರ್ ಎರಡನ್ನೂ ಮುಟ್ಟಲಿಲ್ಲ. ಪ್ರೋಗ್ರಾಮಿನಲ್ಲಿ ಸಮಯ ಅಳೆಯುವ ಟೈಮರ್ ಎಣಿಕೆ ಮಾತ್ರ ಬದಲಿಸಬೇಕಾಯಿತು: 50 ಮಿಲಿಸೆಕೆಂಡಿಗೆ 50,000 ಇದ್ದದ್ದು 46,080 ಆಯಿತು. ಅದನ್ನು ಹುಡುಗಿಯರೇ ಲೆಕ್ಕ ಹಾಕಿದರು. ಪರದೆಯಲ್ಲಿ ಮಾಡ್ಯೂಲ್‌ನ ಉತ್ತರ ‘ಓಕೆ’ ಎಂದು ಬಂದಾಗ ಅವರ ಮುಖ ನೋಡಬೇಕಿತ್ತು.

ಎಲ್ಲದಕ್ಕೂ 11.0592 ಹಾಕಿ ಅಂತ ನಾನು ಹೇಳುತ್ತಿಲ್ಲ. ಹೀಗೆ ಒಂದೊಂದೇ ಬಿಟ್ ಕಳಿಸುವ ಸೀರಿಯಲ್ ಮಾತುಕತೆ ಇಲ್ಲದ ಕಡೆ 12 ಚೆನ್ನಾಗಿಯೇ ನಡೆಯುತ್ತದೆ. ಆದರೆ ಪ್ರಾಜೆಕ್ಟ್ ನೋಡುವ ಮೇಷ್ಟ್ರುಗಳು ವೈವಾದಲ್ಲಿ ‘ಈ ಕ್ರಿಸ್ಟಲ್ ಯಾಕೆ?’ ಎಂದು ದಯವಿಟ್ಟು ಕೇಳಲಿ. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲೂ ಇಂಥ ಲೆಕ್ಕಗಳಿಗೆ ಕನ್ನಡದಲ್ಲಿ ಒಂದು ಮೂಲೆ ಕೊಡಿ. ಬರೆದುಕೊಡಲು ನಾನು ತಯಾರಿದ್ದೇನೆ.

– ರಿಪೇರಿ ಅಂಗಡಿಯ ಓದುಗ, ಗುತ್ತಲು ರಸ್ತೆ, ಮಂಡ್ಯ